ತನ್ನ ಕೈಲಾಗದ್ದನ್ನು ತಾನೇ ಹೇಳಿದ ಕಂಪ್ಯೂಟರ್

ಮನುಷ್ಯ ಚಂದ್ರನ ಮೇಲೆ ಇಳಿದ ಕಥೆ ಎಲ್ಲರಿಗೂ ಗೊತ್ತು. ಇಳಿಯುವ ಹೊತ್ತಿಗೆ ಸರಿಯಾಗಿ ಕಂಪ್ಯೂಟರ್ ಕೈಕೊಟ್ಟಿತು, ಆರ್ಮ್‌ಸ್ಟ್ರಾಂಗ್ ಅವರೇ ಕೈಯಾರೆ ನೌಕೆ ಇಳಿಸಿದರು ಅನ್ನುವ ಮಾತನ್ನೂ ನೀವು ಎಲ್ಲೋ ಓದಿರುತ್ತೀರಿ. ಕೊನೆಯ ನಿಮಿಷಗಳಲ್ಲಿ ಅವರು ಚುಕ್ಕಾಣಿ ಹಿಡಿದದ್ದು ನಿಜ, ಬಂಡೆಗಳು ತುಂಬಿದ ಒಂದು ಕುಳಿಯನ್ನು ದಾಟಬೇಕಿತ್ತು. ಆದರೆ ಆಗಲೂ ಅವರ ಕೈಯ ಸನ್ನೆಯನ್ನು ಇಂಜಿನ್ನಿಗೆ ಮುಟ್ಟಿಸುತ್ತಿದ್ದದ್ದು ಅದೇ ಕಂಪ್ಯೂಟರ್. ಅದು ಕೈಕೊಡಲಿಲ್ಲ. "ನನ್ನ ಹತ್ತಿರ ಜಾಗ ಮುಗಿಯಿತು" ಎಂದು ಹೇಳಿತು, ಅಷ್ಟೆ. ಈ ಎರಡರ ನಡುವೆ ಬಹಳ ವ್ಯತ್ಯಾಸವಿದೆ. ಓಡುತ್ತಿರುವ ಪ್ರೋಗ್ರಾಮ್ ತನ್ನ ಮೆಮೊರಿಯನ್ನೂ ಪ್ರೊಸೆಸರ್‌ನ ಸಮಯವನ್ನೂ ತಾನೇ ಲೆಕ್ಕ ಇಟ್ಟುಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಗೊತ್ತಿಲ್ಲ.

ಮೊದಲು ಆ ಯಂತ್ರದ ಬಡತನ ನೋಡಿ. ಅಮೆರಿಕದ ಎಂಐಟಿಯ ಇನ್‌ಸ್ಟ್ರುಮೆಂಟೇಷನ್ ಲ್ಯಾಬ್‌ನಲ್ಲಿ ವಿನ್ಯಾಸಗೊಂಡ ಅಪೊಲೊ ಕಂಪ್ಯೂಟರ್‌ಗೆ ಇದ್ದದ್ದು 36,864 ಪದಗಳ ಶಾಶ್ವತ ಮೆಮೊರಿ. ಪ್ರೋಗ್ರಾಮನ್ನು ತಂತಿಯಲ್ಲಿ ನೇಯ್ದು ಮಾಡಿದ್ದು ಅದು. ನೇಯುತ್ತಿದ್ದವರು ರೇಥಿಯಾನ್ ಕಾರ್ಖಾನೆಯ ಹೆಂಗಸರು. ಬರೆದು ಅಳಿಸಬಹುದಾದ ಮೆಮೊರಿ ಬರೀ 2,048 ಪದ, ಅಂದರೆ ಇಂದಿನ ಲೆಕ್ಕದಲ್ಲಿ ಸುಮಾರು 4 ಕಿಲೋಬೈಟ್. ಮೆಮೊರಿಯನ್ನು ಒಂದು ಸಲ ಮುಟ್ಟಲು 11.7 ಮೈಕ್ರೋಸೆಕೆಂಡ್ ಬೇಕಿತ್ತು.

ಇಷ್ಟರಲ್ಲೇ ಹತ್ತಾರು ಕೆಲಸಗಳನ್ನು ಒಟ್ಟಿಗೆ ನಡೆಸಬೇಕು. ಅದಕ್ಕಾಗಿ ಹಾಲ್ ಲ್ಯಾನಿಂಗ್ ಎಂಬುವರು 'ಎಕ್ಸಿಕ್ಯೂಟಿವ್' ಅನ್ನುವ ಮೇಸ್ತ್ರಿ ಪ್ರೋಗ್ರಾಮ್ ರೂಪಿಸಿದರು. ಮಾಟುಂಗದ ಯಾವುದಾದರೂ ಉಡುಪಿ ಹೋಟೆಲಿನ ಅಡುಗೆಮನೆಯನ್ನು ನೆನಪಿಸಿಕೊಳ್ಳಿ. ಒಲೆ ಒಂದೇ, ಆರ್ಡರ್ ಇಟ್ಟುಕೊಳ್ಳಲು ಎಂಟೇ ತಟ್ಟೆ. ಯಾವ ಆರ್ಡರ್ ಮುಖ್ಯವೋ ಅದು ಮೊದಲು ಒಲೆಗೆ. ಚಂದ್ರನೌಕೆಯ ಕಂಪ್ಯೂಟರಿನಲ್ಲಿ ಈ ತಟ್ಟೆಗಳಿಗೆ 'ಕೋರ್ ಸೆಟ್' ಎಂದು ಹೆಸರು. ಒಂದೊಂದೂ 12 ಪದದ್ದು, ಒಟ್ಟು ಎಂಟು. ದೊಡ್ಡ ಲೆಕ್ಕಗಳಿಗೆಂದು 44 ಪದಗಳ ಐದು ಪಾತ್ರೆ ಬೇರೆ. ಹೊಸ ಕೆಲಸ ಬಂದಾಗಲೆಲ್ಲ ಎಕ್ಸಿಕ್ಯೂಟಿವ್ ಖಾಲಿ ತಟ್ಟೆ ಹುಡುಕುತ್ತಿತ್ತು. ಸಿಗದಿದ್ದರೆ 1202, ಪಾತ್ರೆ ಸಿಗದಿದ್ದರೆ 1201 ಎಂಬ ಸಂಕೇತ.

ಪ್ರೊಸೆಸರ್ ಲೆಕ್ಕವೂ ಇತ್ತು. ಕೆಲಸವಿದ್ದಾಗ ಗಗನಯಾತ್ರಿಗಳ ಮುಂದಿನ ಫಲಕದಲ್ಲಿ ಒಂದು ದೀಪ ಉರಿಯುತ್ತಿತ್ತು, ಬಿಡುವಾದಾಗ ಆರುತ್ತಿತ್ತು. ಜೊತೆಗೆ 'ರಾತ್ರಿ ಕಾವಲುಗಾರ' ಎಂಬ ಪುಟ್ಟ ಸರ್ಕ್ಯೂಟ್. ಪ್ರೋಗ್ರಾಮ್ ಆಗಾಗ ಮೆಮೊರಿಯ ಒಂದು ನಿಗದಿತ ಜಾಗವನ್ನು ಮುಟ್ಟಿ "ಎಚ್ಚರ ಇದ್ದೇನೆ" ಅನ್ನಬೇಕು. ಹೆಚ್ಚೆಂದರೆ ಸೆಕೆಂಡೊಂದು ಚಿಲ್ಲರೆ ಹೊತ್ತು ಮುಟ್ಟದಿದ್ದರೆ, ಎಲ್ಲೋ ಸಿಕ್ಕಿಕೊಂಡಿದೆ ಎಂದು ತಿಳಿದು ಕಾವಲುಗಾರ ಮರುಚಾಲನೆ ಮಾಡಿಸುತ್ತಿದ್ದ.

ಇನ್ನು 1969ರ ಜುಲೈ 20. ಈಗಲ್ ನೌಕೆ ಸುಮಾರು 33,000 ಅಡಿ ಎತ್ತರದಲ್ಲಿದ್ದಾಗ ಮೊದಲ 1202 ಬಂತು. ಕಾರಣ ಇಳಿಯುವ ಕೆಲಸಕ್ಕೆ ಸಂಬಂಧವೇ ಇಲ್ಲದ್ದು. ಮತ್ತೆ ಮೇಲೇರಿ ತಾಯಿನೌಕೆಯನ್ನು ಸೇರುವಾಗ ಬೇಕಾಗುವ ರೇಡಾರ್ ಒಂದಿತ್ತು. ಅದಕ್ಕೂ ಕಂಪ್ಯೂಟರಿನ ಕಡೆಯ ಉಪಕರಣಕ್ಕೂ ಬರುತ್ತಿದ್ದ ವಿದ್ಯುತ್ತು ಸೆಕೆಂಡಿಗೆ 800 ಆವರ್ತದ್ದೇ ಆದರೂ ಒಂದಕ್ಕೊಂದು ಹೆಜ್ಜೆ ಹೊಂದಿರಲಿಲ್ಲ. ಹಾಗಾಗಿ ಅಲುಗಾಡದ ರೇಡಾರ್ ಅಲುಗಾಡುತ್ತಿದೆ ಎಂಬ ಸುಳ್ಳು ಎಣಿಕೆ, ಸೆಕೆಂಡಿಗೆ 12,800ರವರೆಗೂ! ಒಂದೊಂದು ಎಣಿಕೆಗೂ 11.7 ಮೈಕ್ರೋಸೆಕೆಂಡ್ ಖರ್ಚು. ಗುಣಿಸಿ ನೋಡಿ, ಹೆಚ್ಚೆಂದರೆ ಶೇಕಡಾ 15ರಷ್ಟು ಸಮಯ ಸೋರಿಹೋಗುತ್ತಿತ್ತು. ಇಳಿಯುವ ಹೊತ್ತಿಗೆ ಪ್ರೊಸೆಸರ್‌ಗೆ ಉಳಿದಿರುತ್ತಿದ್ದ ಬಿಡುವೂ ಹೆಚ್ಚುಕಡಿಮೆ ಅಷ್ಟೇ. ರೇಡಾರ್ ಸ್ವಿಚ್ಚನ್ನು ಆಲ್ಡ್ರಿನ್ ತಪ್ಪಾಗಿ ಇಟ್ಟರು ಎಂದು ದೂರುವವರಿದ್ದಾರೆ. ಪಾಪ, ಅವರು ಇಟ್ಟದ್ದು ಪಟ್ಟಿಯಲ್ಲಿ ಇದ್ದ ಹಾಗೆಯೇ.

ಆಮೇಲೆ ಆದದ್ದು ಇಷ್ಟು. ನೌಕೆಯ ವೇಗ, ಸ್ಥಾನ ಲೆಕ್ಕ ಹಾಕುವ ಮುಖ್ಯ ಕೆಲಸ ಪ್ರತಿ 2 ಸೆಕೆಂಡಿಗೊಮ್ಮೆ ಶುರುವಾಗಬೇಕು. ಹಿಂದಿನದು ಮುಗಿಯುವ ಮೊದಲೇ ಮುಂದಿನದು ಬಂತು. ಅರ್ಧ ಬೆಂದ ಆರ್ಡರುಗಳು ತಟ್ಟೆ ಹಿಡಿದು ಕೂತವು. ಇದರ ಮಧ್ಯೆ ಆಲ್ಡ್ರಿನ್ ಎತ್ತರದ ಲೆಕ್ಕವನ್ನು ಸತತವಾಗಿ ತೋರಿಸು ಎಂದು ಕೇಳಿದ್ದರು, ಅದಕ್ಕೂ ಪ್ರೊಸೆಸರ್ ಬೇಕು. ಆ ಅಂಕಿಗಳು ಪರದೆಯಲ್ಲಿದ್ದಾಗಲೇ ಅಲಾರಂ ಬರುತ್ತಿದೆಯೆಂದು ಅವರೇ ಗುರುತಿಸಿ ಭೂಮಿಗೆ ತಿಳಿಸಿದರು. ಅಳತೆ ನೋಡುವುದಕ್ಕೂ ಖರ್ಚಿದೆ ನೋಡಿ.

ತಟ್ಟೆ ಮುಗಿದಾಗ ಕಂಪ್ಯೂಟರ್ ಮಾಡಿದ್ದೇನು? ಎಲ್ಲ ಕೆಲಸಗಳನ್ನೂ ಒಮ್ಮೆ ಕೆಡವಿತು. ಯಾವುದು ಎಲ್ಲಿಗೆ ಬಂದಿತ್ತು ಎಂದು ಮೊದಲೇ ಗುರುತು ಹಾಕಿಟ್ಟಿದ್ದರಿಂದ, ಬೇಕೇಬೇಕಾದವನ್ನು ಮಾತ್ರ ಅಲ್ಲಿಂದ ಎತ್ತಿಕೊಂಡಿತು. ಇಂಜಿನ್ ನಡೆಯಿತು, ಸ್ಥಾನ ವೇಗಗಳ ಲೆಕ್ಕ ಉಳಿಯಿತು, ಪರದೆಯ ಅಂಕಿಗಳು ಹೋದವು. ಹೀಗೆ ಐದು ಸಲ. ನಾಲ್ಕು 1202, ಒಂದು 1201.

ಆದರೆ ಯಂತ್ರ ಸತ್ಯ ಹೇಳಿದರೆ ಸಾಲದು, ಕೇಳಿದವರಿಗೆ ಅರ್ಥವೂ ಆಗಬೇಕು. ಕೆಲವೇ ವಾರಗಳ ಹಿಂದೆ ಹೂಸ್ಟನ್ನಿನ ಅಣಕು ಅಭ್ಯಾಸದಲ್ಲಿ ಇಂಥದೇ ಅಲಾರಂ ಬಂದಾಗ ಮಾರ್ಗದರ್ಶನ ಅಧಿಕಾರಿ ಸ್ಟೀವ್ ಬೇಲ್ಸ್ ಗಾಬರಿಯಾಗಿ, ಇಳಿಯುವುದನ್ನೇ ಕೈಬಿಡಲು ಹೇಳಿದ್ದರು. ಅದು ತಪ್ಪೆಂದು ತಿಳಿದ ಮೇಲೆ ಎಲ್ಲ ಅಲಾರಂಗಳ ಪಟ್ಟಿ ತಯಾರಾಯಿತು. ನಿಜವಾದ ದಿನ, 24 ವರ್ಷದ ಜಾಕ್ ಗಾರ್ಮನ್ ಕೈಬರಹದ ಆ ಪಟ್ಟಿ ನೋಡಿ, ಪದೇಪದೇ ಬರದಿದ್ದರೆ ಚಿಂತೆಯಿಲ್ಲ ಎಂದರು. 26ರ ಬೇಲ್ಸ್ ಮುಂದುವರಿಯಬಹುದು ಎಂದರು. ನೌಕೆ ಇಳಿದಾಗ ನಮ್ಮಲ್ಲಿ ಜುಲೈ 21ರ ಬೆಳಗಿನ ಜಾವ 1 ಗಂಟೆ 47 ನಿಮಿಷ.

ಮುಂದೆ ಈ ಅನುಕೂಲ ಸಾಮಾನ್ಯ ಪ್ರೋಗ್ರಾಮುಗಳಿಗೂ ಬಂತು. 1983ರ ಬರ್ಕ್ಲಿ ಯೂನಿಕ್ಸ್‌ನಲ್ಲಿ 'ಗೆಟ್ ಆರ್-ಯೂಸೇಜ್' ಎಂಬ ಕರೆ ಸೇರಿತು. ಎಷ್ಟು ಸಮಯ ತಿಂದೆ, ಮೆಮೊರಿ ಎಷ್ಟರವರೆಗೆ ಏರಿತು ಎಂದು ಪ್ರೋಗ್ರಾಮ್ ತಾನೇ ಕೇಳಬಹುದು. 1984ರಲ್ಲಿ ಬೆಲ್ ಲ್ಯಾಬ್ಸ್‌ನ ಟಾಮ್ ಕಿಲಿಯನ್, ಓಡುವ ಪ್ರೋಗ್ರಾಮನ್ನೇ ಒಂದು ಕಡತದಂತೆ ತೆರೆದು ನೋಡುವ 'ಪ್ರಾಕ್' ವ್ಯವಸ್ಥೆಯನ್ನು ವಿವರಿಸಿದರು. ಲಿನಕ್ಸ್‌ನಲ್ಲಿ ಇಂದು 'ಪ್ರಾಕ್'ನ ಒಳಗೆ 'ಸೆಲ್ಫ್' ಎಂಬ ಹೆಸರೇ ಇದೆ. ಯಾವ ಪ್ರೋಗ್ರಾಮ್ ತೆರೆದರೂ ಅದಕ್ಕೆ ಅದರದೇ ಲೆಕ್ಕ ಸಿಗುತ್ತದೆ.

ಹೀಗೆ ಕೇಳುವುದು ಈಗ ಒಂದು ಸಾಲಿನ ಕೆಲಸ. ಸಿಕ್ಕ ಅಂಕಿಯನ್ನು ಲಾಗ್ ಕಡತಕ್ಕೆ ಬರೆದು ಸುಮ್ಮನಾಗುವವರೇ ಹೆಚ್ಚು. ಮೆಮೊರಿ ತುಂಬಿದರೆ ಮೊದಲು ಯಾವ ಕೆಲಸ ಬಿಡಬೇಕು, ಯಾವುದನ್ನು ಏನಾದರೂ ಬಿಡಬಾರದು ಎಂಬ ಪಟ್ಟಿ ನಿಮ್ಮ ಪ್ರೋಗ್ರಾಮಿನಲ್ಲಿ ಇದೆಯೇ? 4 ಕಿಲೋಬೈಟಿನಲ್ಲಿ ಸಂಸಾರ ಮಾಡಿದವರು ಅದನ್ನು ಮೊದಲೇ ಬರೆದಿಟ್ಟಿದ್ದರು. ಅಂದು ಇಳಿಯುವ ಕೆಲಸ ನಿಲ್ಲದೆ ನಡೆದದ್ದು ಅದರಿಂದ.