ಮೂಲೆಯ ಬೆಂಚು

ಮಗಳ ಬಾಣಂತನಕ್ಕೆಂದು ಅಮೆರಿಕದ ಫಿಲಡೆಲ್ಫಿಯಾಕ್ಕೆ ಹೋಗಿದ್ದಾಗಿನ ಮಾತು. ಒಂದು ಭಾನುವಾರ ಬೆಳಿಗ್ಗೆ ಮಗುವಿಗೆ ಎಣ್ಣೆ ನೀರು ಹಾಕಿ ಮಲಗಿಸಿ ಕೂತಿದ್ದೆ. ಮಗಳು, “ಅಮ್ಮ, ಇಲ್ಲೊಂದು ಪ್ರಾರ್ಥನೆಯ ಮನೆ ಇದೆ. ಹೋಗಿ ಸುಮ್ಮನೆ ಒಂದು ಗಂಟೆ ಕೂತು ಬಾ. ನೀನು ಯಾರು, ಏನು ಅಂತ ಅಲ್ಲಿ ಯಾರೂ ಕೇಳುವುದಿಲ್ಲ” ಎಂದಳು.

ಅವಳು ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ನಮ್ಮ ಯಜಮಾನರು ಹೋದ ಮೇಲೆ ನನಗೆ ಕೂರಲು ಒಂದು ಜಾಗ ಇಲ್ಲದಂತಾಗಿತ್ತು. ಇಪ್ಪತ್ತು ವರ್ಷ ಹಾಡಿದ ಭಜನಾ ಮಂಡಳಿ ನನ್ನದು. ವರ್ಷಾಂತಿಕ ಮುಗಿಸಿ ಹೋದ ಮೊದಲ ದಿನ, ಮಂಗಳಾರತಿಯ ಹೊತ್ತಿಗೆ ಒಬ್ಬರು ಹತ್ತಿರ ಬಂದು ಮೆತ್ತಗೆ, “ನೀವು ಸ್ವಲ್ಪ ಹಿಂದೆ ಕೂತುಕೊಳ್ಳಿ, ಏನೂ ತಿಳಿಯಬೇಡಿ” ಎಂದರು. ಅರಿಶಿನ ಕುಂಕುಮದ ತಟ್ಟೆ ನನ್ನ ಪಕ್ಕದವರಿಗೆ ಹೋಯಿತು, ನನ್ನನ್ನು ದಾಟಿ ಆಚೆಯವರಿಗೆ ಹೋಯಿತು. ಬರಬೇಡಿ ಎಂದು ಯಾರೂ ಹೇಳಲಿಲ್ಲ. ಆದರೂ ನಾನು ಮತ್ತೆ ಹೋಗಲಿಲ್ಲ. ಆಮೇಲೆ ಒಂದೆರಡು ಆಶ್ರಮ, ಒಂದು ಧ್ಯಾನ ಕೇಂದ್ರ ಎಂದು ಅಲೆದೆ. ಎಲ್ಲಿಯೂ ಮನಸ್ಸು ನಿಲ್ಲಲಿಲ್ಲ.

ಅಳಿಯ ಕಾರಿನಲ್ಲಿ ಬಿಟ್ಟು ಹೋದರು. ಆರ್ಚ್ ಸ್ಟ್ರೀಟ್ ಎಂಬ ಬೀದಿಯಲ್ಲಿ, ಇಟ್ಟಿಗೆಯ ಕಾಂಪೌಂಡಿನ ಒಳಗೆ, 1804ರಲ್ಲಿ ಕಟ್ಟಿದ ಸಾದಾ ಕಟ್ಟಡ. ಕ್ವೇಕರ್ ಎಂಬ ಕ್ರೈಸ್ತ ಪಂಥದವರ ಸಭಾಮಂದಿರ ಅದು. ಗೋಪುರವಿಲ್ಲ, ಗಂಟೆಯಿಲ್ಲ, ಶಿಲುಬೆಯಿಲ್ಲ, ಪಾದ್ರಿಯಿಲ್ಲ. ಉದ್ದುದ್ದ ಮರದ ಬೆಂಚುಗಳು ಮಾತ್ರ. ಎಲ್ಲರೂ ಬಂದು ಮೌನವಾಗಿ ಕೂತರು. ಒಳಗಿನಿಂದ ಪ್ರೇರಣೆಯಾದವರು ಎದ್ದು ನಾಲ್ಕು ಮಾತಾಡಬಹುದು, ಗಂಡಾಗಲಿ ಹೆಣ್ಣಾಗಲಿ. ಅಂದು ಮಾತಾಡಿದವರು ಇಬ್ಬರೇ. ಗಂಟೆ ಮುಗಿದಾಗ ಎಲ್ಲರೂ ಪಕ್ಕದವರ ಕೈ ಕುಲುಕಿದರು. ನನ್ನ ಪಕ್ಕದಲ್ಲಿದ್ದ ಅಜ್ಜಿಯೂ ನನ್ನ ಕೈ ಹಿಡಿದುಕೊಂಡರು. ಎಷ್ಟೋ ದಿನದ ಮೇಲೆ ದೇವರ ಎದುರಿನಲ್ಲಿ ಒಬ್ಬರು ನನ್ನ ಕೈ ಮುಟ್ಟಿದ್ದರು. ಕಣ್ಣಲ್ಲಿ ನೀರು ಬಂತು.

ಇವರು ಯಾರು, ಎಲ್ಲಿಂದ ಬಂದವರು ಎಂದು ತಿಳಿಯುವ ಆಸೆ ಹತ್ತಿತು. ಮಗಳು ಲೈಬ್ರರಿಯಿಂದ ಪುಸ್ತಕಗಳನ್ನು ತಂದುಕೊಟ್ಟಳು. ಮಗು ಮಲಗಿದಾಗಲೆಲ್ಲ ಓದಿದೆ.

ಹದಿನೇಳನೆಯ ಶತಮಾನದ ಇಂಗ್ಲೆಂಡ್. ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆದು ದೇಶವೇ ಅಲ್ಲೋಲಕಲ್ಲೋಲವಾಗಿದ್ದ ಕಾಲ. ಜಾರ್ಜ್ ಫಾಕ್ಸ್ ಎಂಬ ತರುಣ ದೇವರನ್ನು ಹುಡುಕುತ್ತ ಊರೂರು ಅಲೆದು, ಯಾವ ಪಾದ್ರಿಯಿಂದಲೂ ಸಮಾಧಾನ ಸಿಗದೆ, ಕೊನೆಗೆ ಒಂದು ಮಾತು ಕಂಡುಕೊಂಡ: ದೇವರ ಬೆಳಕು ಪ್ರತಿಯೊಬ್ಬರ ಒಳಗೂ ಇದೆ, ನಡುವೆ ದಲ್ಲಾಳಿ ಬೇಡ. ಅವನ ಜೊತೆಯವರು ತಮ್ಮನ್ನು ‘ಸ್ನೇಹಿತರು’ ಎಂದು ಕರೆದುಕೊಂಡರು. ‘ಕ್ವೇಕರ್’ ಎಂದರೆ ನಡುಗುವವರು. ಅದು ಬೇರೆಯವರು ಗೇಲಿಗೆ ಇಟ್ಟ ಹೆಸರು, ಅದೇ ಉಳಿಯಿತು.

1652ರಲ್ಲಿ ಫಾಕ್ಸ್ ಉತ್ತರ ಇಂಗ್ಲೆಂಡಿನ ಸ್ವಾರ್ತ್‌ಮೂರ್ ಎಂಬ ಮನೆಗೆ ಬಂದ. ಮನೆಯೊಡತಿ ಮಾರ್ಗರೆಟ್ ಫೆಲ್, ಒಬ್ಬ ನ್ಯಾಯಾಧೀಶರ ಹೆಂಡತಿ, ಮಕ್ಕಳೊಂದಿಗಳು. ಆಕೆ ಆ ಮಾತನ್ನು ಒಪ್ಪಿ ತನ್ನ ಮನೆಯನ್ನೇ ಈ ಪಂಥದ ನೆಲೆಯಾಗಿ ಮಾಡಿದಳು. ಗಂಡ ತೀರಿಹೋದ ಮೇಲೆ ಆಸರೆಯಿಲ್ಲದ ಆಕೆಯನ್ನು ಸರಕಾರ ಸೆರೆಗೆ ಹಾಕಿತು. ಸೆರೆಮನೆಯಲ್ಲಿದ್ದಾಗಲೇ, ದೇವರ ಮನೆಯಲ್ಲಿ ಹೆಂಗಸರಿಗೂ ಮಾತಾಡುವ ಹಕ್ಕಿದೆ ಎಂದು ಬೈಬಲ್ಲಿನ ಆಧಾರ ಕೊಟ್ಟು ಬರೆದ ಆಕೆಯ ಪುಸ್ತಕ 1666ರಲ್ಲಿ ಅಚ್ಚಾಯಿತು. ವಿಧವೆಯೊಬ್ಬಳು, ಅದೂ ಮುನ್ನೂರೈವತ್ತು ವರ್ಷಗಳ ಹಿಂದೆ! ಓದಿ ನನಗೆ ರೋಮಾಂಚನವಾಯಿತು.

ಅಮೆರಿಕಕ್ಕೆ ಬಂದ ಕ್ವೇಕರರಲ್ಲಿ ಬಹಳ ಜನ ಮೊದಮೊದಲು ಎಲ್ಲರಂತೆ ಕರಿಯರನ್ನು ಗುಲಾಮರಾಗಿ ಇಟ್ಟುಕೊಂಡಿದ್ದರು. ಫಿಲಡೆಲ್ಫಿಯಾದ ಹತ್ತಿರದ ಜರ್ಮನ್‌ಟೌನಿನಲ್ಲಿ 1688ರಲ್ಲೇ ನಾಲ್ವರು ಇದು ತಪ್ಪು ಎಂದು ಬರೆದುಕೊಟ್ಟರು. ಆ ಮಾತಿಗೆ ಬೆಲೆ ಬರಲು ಸುಮಾರು ತೊಂಬತ್ತು ವರ್ಷ ಬೇಕಾಯಿತು. 1776ರಲ್ಲಿ, ಗುಲಾಮರನ್ನು ಇಟ್ಟುಕೊಂಡವರು ಕ್ವೇಕರರಾಗಿ ಇರುವಂತಿಲ್ಲ ಎಂದು ಫಿಲಡೆಲ್ಫಿಯಾದ ವಾರ್ಷಿಕ ಸಭೆ ತೀರ್ಮಾನಿಸಿತು.

ಇದನ್ನು ಕೇಳಿಯೇ ಸಾರಾ ಗ್ರಿಮ್ಕೆ ಎಂಬಾಕೆ ಇಲ್ಲಿಗೆ ಬಂದಳು. ದಕ್ಷಿಣದ ಚಾರ್ಲ್ಸ್‌ಟನ್ ಊರಿನ ನ್ಯಾಯಾಧೀಶರ ಮಗಳು, 1792ರಲ್ಲಿ ಹುಟ್ಟಿದವಳು. ಮನೆತುಂಬ, ತೋಟದ ತುಂಬ ಗುಲಾಮರು. ಚಿಕ್ಕವಳಿದ್ದಾಗ ತನ್ನ ಸೇವೆಗೆ ಕೊಟ್ಟ ಹುಡುಗಿಗೆ ರಾತ್ರಿ ಬಾಗಿಲು ಹಾಕಿಕೊಂಡು ಅಕ್ಷರ ಕಲಿಸಿ, ಸಿಕ್ಕಿಬಿದ್ದು ಬೈಸಿಕೊಂಡವಳು. ಊರಿನ ಚರ್ಚುಗಳೆಲ್ಲ ಗುಲಾಮಗಿರಿಯನ್ನು ಒಪ್ಪಿಕೊಂಡಿದ್ದವು. ಹುಟ್ಟಿದ ಚರ್ಚು ಬಿಟ್ಟಳು, ಬೇರೆಡೆ ಹುಡುಕಿದಳು. 1821ರಲ್ಲಿ ಮನೆ ಬಿಟ್ಟು ಫಿಲಡೆಲ್ಫಿಯಾ ಸೇರಿದಳು. 1823ರಲ್ಲಿ, ನಾನು ಕೂತಿದ್ದ ಇದೇ ಆರ್ಚ್ ಸ್ಟ್ರೀಟಿನ ಸಭೆ ಆಕೆಯನ್ನು ಸೇರಿಸಿಕೊಂಡಿತು. ತಂಗಿ ಆಂಜಲೀನಾ ಚಾರ್ಲ್ಸ್‌ಟನ್ನಿನಲ್ಲಿ ಇಬ್ಬರೇ ಮುದುಕರಿದ್ದ ಕ್ವೇಕರ್ ಸಭೆಗೆ ಹೋಗಿ ಅವರೊಂದಿಗೆ ಮೌನವಾಗಿ ಕೂರುತ್ತಿದ್ದಳಂತೆ. 1829ರಲ್ಲಿ ಅವಳೂ ಅಕ್ಕನ ಹತ್ತಿರ ಬಂದಳು.

ಕಥೆ ಇಲ್ಲಿಗೇ ಮುಗಿದಿದ್ದರೆ ನನಗೆ ಸಂತೋಷವಾಗುತ್ತಿತ್ತು. ಮುಂದಿನ ಪುಟಗಳಲ್ಲಿ ಒಂದು ಬೆಂಚು ಬಂತು.

ಆರ್ಚ್ ಸ್ಟ್ರೀಟಿನ ಸಭೆಗೆ ಗ್ರೇಸ್ ಡಗ್ಲಸ್ ಎಂಬ ಕರಿಯ ಹೆಂಗಸು ಮಗಳು ಸಾರಾ ಡಗ್ಲಸಳನ್ನು ಕರೆದುಕೊಂಡು ಬರುತ್ತಿದ್ದಳು. ತಾಯಿ ಟೋಪಿ ಅಂಗಡಿ ನಡೆಸುತ್ತಿದ್ದವಳು. ಮಗಳು ಮುಂದೆ ಕರಿಯ ಹೆಣ್ಣುಮಕ್ಕಳಿಗೆ ಶಾಲೆ ನಡೆಸಿದವಳು. ಕ್ವೇಕರರಂತೆಯೇ ಸಾದಾ ಬಟ್ಟೆ, ಅವರಂತೆಯೇ ಮೌನ. ಆದರೆ ಅವರಿಗೆ ಕೂರಲು ಬೇರೆಯೇ ಬೆಂಚು ಇತ್ತು. ‘ಇದು ಕರಿಯರ ಬೆಂಚು’ ಎಂಬ ಮಾತನ್ನು ಒಂದೇ ಸಭೆಯಲ್ಲಿ ಐದಾರು ಸಲ ಕೇಳಿಸಿಕೊಂಡೆನೆಂದು, ಕೇಳಿ ಎಷ್ಟೋ ಸಲ ಅತ್ತೆನೆಂದು ಸಾರಾ ಡಗ್ಲಸ್ 1837ರ ಪತ್ರದಲ್ಲಿ ಬರೆದಿದ್ದಾಳೆ. ಅಷ್ಟು ಹೊತ್ತಿಗೆ ಅವಳು ಅಲ್ಲಿಗೆ ಹೋಗುವುದನ್ನು ಬಿಟ್ಟಿದ್ದಳು. ತಾಯಿ ಮಾತ್ರ ವಾರವಾರ ಹೋಗಿ, ಉದ್ದನೆಯ ಬೆಂಚಿನಲ್ಲಿ ಎಷ್ಟೋ ಸಲ ಒಬ್ಬಳೇ ಕೂತು ಬರುತ್ತಿದ್ದಳು.

ಗುಲಾಮರನ್ನು ಇಟ್ಟುಕೊಳ್ಳಬಾರದು ಎಂದು ಬಹಳ ಮೊದಲೇ ಹೇಳಿದವರು ಇವರು. ಎಲ್ಲರೊಳಗೂ ಬೆಳಕಿದೆ ಎಂದವರು ಇವರು. ಬಾಗಿಲು ತೆರೆದಿಟ್ಟವರೂ ಇವರೇ, ಒಳಗೆ ಬೇರೆ ಬೆಂಚು ಹಾಕಿದವರೂ ಇವರೇ.

ಗ್ರಿಮ್ಕೆ ಅಕ್ಕತಂಗಿಯರು ಏನು ಮಾಡಿದರು? ಎದ್ದು ಹೋಗಿ ಆ ಬೆಂಚಿನಲ್ಲಿ, ಡಗ್ಲಸ್ ತಾಯಿ ಮಗಳ ಪಕ್ಕದಲ್ಲಿ ಕೂತರು. ಹಿರಿಯರಿಗೆ ಅದು ಸರಿಬರಲಿಲ್ಲ. 1835ರಲ್ಲಿ ಆಂಜಲೀನಾ ಗುಲಾಮಗಿರಿಯ ವಿರುದ್ಧ ಬರೆದ ಪತ್ರ ಪತ್ರಿಕೆಯಲ್ಲಿ ಅಚ್ಚಾದಾಗ ಅದನ್ನು ಹಿಂತೆಗೆದುಕೊ ಎಂದರು. ಆಕೆ ಒಪ್ಪಲಿಲ್ಲ. 1836ರಲ್ಲಿ ಸಾರಾ ಸಭೆಯಲ್ಲಿ ಎದ್ದು ಮಾತಾಡುತ್ತಿದ್ದಾಗ ಒಬ್ಬ ಹಿರಿಯ ನಡುವೆಯೇ ಸಾಕು ನಿಲ್ಲಿಸು ಎಂದ. ಮಾರ್ಗರೆಟ್ ಫೆಲ್ ಸೆರೆಯಲ್ಲಿ ಕೂತು ಬರೆದದ್ದು ಅವನಿಗೆ ನೆನಪಾಗಲಿಲ್ಲವೋ ಏನೋ. ಅಲ್ಲಿಂದ ಇಬ್ಬರೂ ಊರೂರಿಗೆ ಹೋಗಿ ಗುಲಾಮಗಿರಿಯ ವಿರುದ್ಧ ಭಾಷಣ ಮಾಡಿದರು. ಹೆಂಗಸರು ಗಂಡಸರಿದ್ದ ಸಭೆಯಲ್ಲಿ ಮಾತಾಡುವುದೇ ಹಗರಣವಾಗಿದ್ದ ಕಾಲ ಅದು.

1838ರ ಮೇ 14ರಂದು ಆಂಜಲೀನಾ, ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ಥಿಯೋಡೋರ್ ವೆಲ್ಡ್ ಎಂಬಾತನನ್ನು ಮದುವೆಯಾದಳು. ಮದುವೆಗೆ ಡಗ್ಲಸ್ ತಾಯಿ ಮಗಳು ಬಂದರು. ಹಿಂದೆ ಗ್ರಿಮ್ಕೆ ಮನೆಯಲ್ಲಿ ಗುಲಾಮರಾಗಿದ್ದವರೂ ಬಂದರು, ಎಲ್ಲರ ನಡುವೆ ನೆಂಟರಂತೆ ಕೂತರು. ವೆಲ್ಡ್ ಕ್ವೇಕರ್ ಅಲ್ಲವೆಂದು ಆಂಜಲೀನಾಳನ್ನೂ, ಆ ಮದುವೆಗೆ ಹೋದಳೆಂದು ಸಾರಾಳನ್ನೂ ಪಂಥದಿಂದ ಹೊರಗೆ ಹಾಕಿದರು. ಬೆಂಚಿನ ವಿಷಯ ಮಾತ್ರ ಅವರು ಮುಚ್ಚಿಡಲಿಲ್ಲ. ಅವರು ಕಳಿಸಿದ ವಿವರ ಇಂಗ್ಲೆಂಡಿನಲ್ಲಿ 1840ರಲ್ಲಿ ಪುಸ್ತಕವಾಗಿ ಬಂತು. ಇಬ್ಬರು ಸಾರಾಗಳ ಸ್ನೇಹ 1873ರಲ್ಲಿ ಸಾರಾ ಗ್ರಿಮ್ಕೆ ತೀರಿಕೊಳ್ಳುವವರೆಗೂ ನಡೆಯಿತು. ಹುಡುಕಿಕೊಂಡು ಬಂದ ಜಾಗದಲ್ಲಿ ಆಕೆಗೆ ಕಡೆಯವರೆಗೆ ಉಳಿದದ್ದು ಆ ಬೆಂಚಿನಲ್ಲಿ ಸಿಕ್ಕ ಗೆಳತಿ.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೊದಲು ನನ್ನ ಭಜನಾ ಮಂಡಳಿಯೇ ನೆನಪಾಯಿತು, ‘ಸ್ವಲ್ಪ ಹಿಂದೆ ಕೂತುಕೊಳ್ಳಿ’ ಎಂದದ್ದು. ನಾನೂ ಗ್ರೇಸ್ ಡಗ್ಲಸಳಂತೆ ಎಂದುಕೊಂಡು ಅತ್ತೆ. ಆಮೇಲೆ, ಬೇಡವೆಂದರೂ, ನಮ್ಮ ಮನೆಯ ಹಿತ್ತಲ ಕಟ್ಟೆ ನೆನಪಾಯಿತು. ಅಲ್ಲಿ ಬೋರಲು ಹಾಕಿಟ್ಟ ಒಂದು ಸ್ಟೀಲ್ ಲೋಟ. ಹದಿನಾರು ವರ್ಷ ಪಾತ್ರೆ ತೊಳೆಯಲು ಬರುತ್ತಿದ್ದವಳಿಗೆ ನಾನು ಕಾಫಿ ಕೊಡುತ್ತಿದ್ದದ್ದು ಅದರಲ್ಲಿ. ಎತ್ತರದಿಂದ ಸುರಿಯುತ್ತಿದ್ದೆ, ಲೋಟಕ್ಕೆ ಪಾತ್ರೆ ತಾಗದ ಹಾಗೆ. ನಾನು ಅವಳನ್ನು ಬೈದವಳಲ್ಲ, ಸಂಬಳ ತಪ್ಪಿಸಿದವಳಲ್ಲ; ಅವಳ ಮಗಳ ಫೀಜು ಕಟ್ಟಿದ್ದೆ, ಹಬ್ಬಕ್ಕೆ ಸೀರೆ ಕೊಟ್ಟಿದ್ದೆ. ಒಳ್ಳೆಯವಳೆಂದೇ ನನ್ನನ್ನು ನಾನು ತಿಳಿದುಕೊಂಡಿದ್ದೆ. ಆರ್ಚ್ ಸ್ಟ್ರೀಟಿನ ಹಿರಿಯರೂ ಹಾಗೆಯೇ ತಿಳಿದಿದ್ದರು.

ಮತ್ತೆ ನಾಲ್ಕು ಭಾನುವಾರ ಆ ಸಭೆಗೆ ಹೋದೆ. ಇಂದು ಅಲ್ಲಿ ಕರಿಯರೂ ಬಿಳಿಯರೂ ಎಲ್ಲೆಂದರಲ್ಲಿ ಕೂರುತ್ತಾರೆ. “ಸೇರಿಕೊಳ್ಳುತ್ತೀಯಾ ಅಮ್ಮ?” ಎಂದು ಮಗಳು ತಮಾಷೆ ಮಾಡಿದಳು. ಇಲ್ಲ ಎಂದೆ. ನನ್ನ ದೇವರು, ನನ್ನ ಹಾಡು ನನಗೆ ಸಾಕು. ನಾನು ಹುಡುಕುತ್ತಿದ್ದದ್ದು ಬೇರೆ ದೇವರನ್ನಲ್ಲ, ಕೂರಲು ಜಾಗವನ್ನು. ನನ್ನನ್ನು ಯಾರು ಒಳಗೆ ಕರೆದಾರು ಎಂದು ನೋಡುತ್ತಿದ್ದೆನೇ ಹೊರತು, ನಾನು ಯಾರನ್ನು ಹೊರಗೆ ಕೂರಿಸಿದ್ದೇನೆ ಎಂದು ನೋಡಿರಲಿಲ್ಲ.

ಊರಿಗೆ ಬಂದ ವರ್ಷ ಗೌರಿ ಹಬ್ಬದ ಸಂಜೆ ನಮ್ಮ ಮನೆಯಲ್ಲೇ ಭಜನೆ ಇಟ್ಟುಕೊಂಡೆ. ಗಂಡನಿದ್ದವರು, ಇಲ್ಲದವರು ಎನ್ನದೆ ಕರೆದೆ. ಹನ್ನೊಂದು ಜನ ಬಂದರು. ಹಳೆಯ ಮಂಡಳಿಯ ಮೂವರೂ ಬಂದಿದ್ದರು. ಕುಂಕುಮದ ತಟ್ಟೆಯನ್ನು ಎಲ್ಲರ ಮುಂದೆಯೂ ಹಿಡಿದೆ. ಇಬ್ಬರು ಹಚ್ಚಿಕೊಂಡು ಅತ್ತರು, ಒಬ್ಬರು ಬೇಡವೆಂದು ಕೈ ಮುಗಿದರು. ಅದೂ ಸರಿಯೇ.

ಪಾತ್ರೆ ತೊಳೆಯುತ್ತಿದ್ದವಳು ಕೆಲಸ ಬಿಟ್ಟು ಆಗಲೇ ಎರಡು ವರ್ಷವಾಗಿತ್ತು. ಅವಳ ಮನೆ ಹುಡುಕಿಕೊಂಡು ಹೋಗಿ ಕರೆದಿದ್ದೆ. “ಆಗಲಮ್ಮ, ಬತ್ತೀನಿ” ಎಂದಳು, ಬರಲಿಲ್ಲ. ಕೂತು ಮಾತಾಡಲು ನಾನು ಅವಳ ಮನೆಯೊಳಗೆ ಹೋಗಲಿಲ್ಲವೆಂಬುದು ವಾಪಸು ಬರುವಾಗ ಅರ್ಧ ದಾರಿಯಲ್ಲಿ ಹೊಳೆಯಿತು. ಹೊಸ್ತಿಲ ಆಚೆ ನಿಂತೇ ಕರೆದು ಬಂದಿದ್ದೆ. ಇನ್ನೊಂದು ಸಲ ಹೋಗಬೇಕು. ಈ ಸಲ ಒಳಗೆ ಹೋಗಿ ಕೂತು, ಅವಳು ಕೊಟ್ಟ ಲೋಟದಲ್ಲಿ ಕಾಫಿ ಕುಡಿದು ಬರಬೇಕು.