ಮೇಲ್ ಪ್ರೋಗ್ರಾಂ ತೆರೆಯದಿದ್ದರೆ ಹಳೆಯ ಇಮೇಲ್‌ಗಳೆಲ್ಲ ಹೋದಂತೆಯೇ? ನಿಜಾಂಶ ಇಲ್ಲಿದೆ

ಕಂಪ್ಯೂಟರ್‌ನಲ್ಲಿ ಔಟ್‌ಲುಕ್ ಅಥವಾ ಥಂಡರ್‌ಬರ್ಡ್ ತೆರೆಯುತ್ತಿಲ್ಲ ಎಂದರೆ ಅನೇಕರು ಗಾಬರಿಯಾಗುತ್ತಾರೆ. "ಮೇಲ್ ಎಲ್ಲಾ ಹೋಯ್ತು, ಫಾರ್ಮ್ಯಾಟ್ ಮಾಡಿಸಿಬಿಡಿ" ಎಂದು ಸಲಹೆ ಕೊಡುವವರೂ ಸಿಗುತ್ತಾರೆ. ಇದು ತಪ್ಪು. ಮೇಲ್ ತೋರಿಸುವ ಪ್ರೋಗ್ರಾಂ ಬೇರೆ, ಮೇಲ್ ಇರುವ ಫೈಲ್ ಬೇರೆ. ಬೀಗ ಕೆಟ್ಟ ಮಾತ್ರಕ್ಕೆ ಪೆಟ್ಟಿಗೆಯೊಳಗಿನ ಒಡವೆ ಮಾಯವಾಗುವುದಿಲ್ಲ. ಆದರೆ ಫಾರ್ಮ್ಯಾಟ್ ಮಾಡಿದರೆ ಪೆಟ್ಟಿಗೆಯೇ ಹೋಗಬಹುದು.

ಮೊದಲು ಏನು ನೋಡಬೇಕು?

ಬ್ರೌಸರ್‌ನಲ್ಲಿ ನಿಮ್ಮ ಮೇಲ್ ಖಾತೆಗೆ ಲಾಗಿನ್ ಆಗಿ ನೋಡಿ. ಖಾತೆ ಐಮ್ಯಾಪ್ ವಿಧಾನದಲ್ಲಿದ್ದರೆ ಮೂಲ ಪ್ರತಿ ಸರ್ವರ್‌ನಲ್ಲೇ ಇರುತ್ತದೆ. ಅಳಿಸಿದ ಮೇಲ್ ಹುಡುಕುತ್ತಿದ್ದರೆ ಟ್ರ್ಯಾಶ್ ಕೂಡ ನೋಡಿ. ಜಿಮೇಲ್‌ನಲ್ಲಿ ಅದು 30 ದಿನ ಉಳಿಯುತ್ತದೆ.

ಹಳೆಯ ಪಾಪ್ ವಿಧಾನದಲ್ಲಿ ಮೇಲ್ ಕಂಪ್ಯೂಟರ್‌ಗೆ ಇಳಿದ ಮೇಲೆ ಸರ್ವರ್‌ನಿಂದ ಅಳಿಸಿಹೋಗಿರಬಹುದು. ಆಗ ನಿಮ್ಮ ಹಾರ್ಡ್ ಡಿಸ್ಕ್‌ನಲ್ಲಿರುವ ಫೈಲೇ ಏಕೈಕ ಪ್ರತಿ.

ಫೈಲ್ ಎಲ್ಲಿರುತ್ತದೆ?

ಔಟ್‌ಲುಕ್: ವಿಂಡೋಸ್‌ನ ಹಳೆಯ ಮಾದರಿಯ ಔಟ್‌ಲುಕ್‌ನಲ್ಲಿ ಪಿಎಸ್‌ಟಿ ಫೈಲ್ ಸಾಮಾನ್ಯವಾಗಿ ಡಾಕ್ಯುಮೆಂಟ್ಸ್ ಒಳಗಿನ 'ಔಟ್‌ಲುಕ್ ಫೈಲ್ಸ್' ಫೋಲ್ಡರ್‌ನಲ್ಲಿರುತ್ತದೆ. ಸರ್ವರ್‌ನ ನಕಲಾದ ಓಎಸ್‌ಟಿ ಫೈಲ್ 'ಆ್ಯಪ್‌ಡೇಟಾ' ಒಳಗಿರುತ್ತದೆ. ಈ ಫೋಲ್ಡರ್ ಕಣ್ಣಿಗೆ ಕಾಣುವುದಿಲ್ಲ. ಫೈಲ್ ಎಕ್ಸ್‌ಪ್ಲೋರರ್‌ನ 'ವ್ಯೂ' ಮೆನುವಿನಲ್ಲಿ 'ಹಿಡನ್ ಐಟಮ್ಸ್' ಆರಿಸಬೇಕು.

ಥಂಡರ್‌ಬರ್ಡ್: ಆ್ಯಪ್‌ಡೇಟಾ, ರೋಮಿಂಗ್, ಥಂಡರ್‌ಬರ್ಡ್, ಪ್ರೊಫೈಲ್ಸ್ ಎಂಬ ಕ್ರಮದಲ್ಲಿ ಒಳಹೋಗಿ. 'ಮೇಲ್' ಮತ್ತು 'ಐಮ್ಯಾಪ್‌ಮೇಲ್' ಫೋಲ್ಡರ್‌ಗಳು ಸಿಗುತ್ತವೆ. ಅಲ್ಲಿ 'ಇನ್‌ಬಾಕ್ಸ್' ಎಂಬ ಹೆಸರಿನ, ಕೊನೆಯಲ್ಲಿ ಯಾವ ಎಕ್ಸ್‌ಟೆನ್ಷನ್ನೂ ಇಲ್ಲದ ದೊಡ್ಡ ಫೈಲೇ ನಿಮ್ಮ ಮೇಲ್. ಪಕ್ಕದ ಎಂಎಸ್‌ಎಫ್ ಫೈಲ್ ಬರೀ ಸೂಚಿ.

ಮರಳಿ ಪಡೆಯುವುದು ಹೇಗೆ?

1. ಪ್ರೋಗ್ರಾಂ ಮುಚ್ಚಿ. ಇಡೀ ಫೋಲ್ಡರ್ ಅನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ಈ ಹೆಜ್ಜೆ ಬಿಟ್ಟು ಮುಂದೆ ಹೋಗಬೇಡಿ.

2. ಪಿಎಸ್‌ಟಿ ಫೈಲ್ ಹಾಳಾಗಿದ್ದರೆ ಔಟ್‌ಲುಕ್ ಜೊತೆಗೇ ಬರುವ 'ಸ್ಕ್ಯಾನ್‌ಪಿಎಸ್‌ಟಿ' ಎಂಬ ದುರಸ್ತಿ ಸಾಧನ ಬಳಸಿ. ಇದಕ್ಕೆ ಹಣ ಕೊಡಬೇಕಿಲ್ಲ.

3. ಥಂಡರ್‌ಬರ್ಡ್‌ನಲ್ಲಿ ಇನ್‌ಬಾಕ್ಸ್ ಖಾಲಿ ಕಂಡರೂ ಫೈಲ್ ದೊಡ್ಡದಾಗಿಯೇ ಇದ್ದರೆ, ಸೂಚಿ ಕೆಟ್ಟಿರುವ ಸಾಧ್ಯತೆ ಹೆಚ್ಚು. ಆ ಎಂಎಸ್‌ಎಫ್ ಫೈಲನ್ನಷ್ಟೇ ಅಳಿಸಿ ಪ್ರೋಗ್ರಾಂ ತೆರೆಯಿರಿ. ಹೊಸ ಸೂಚಿ ತಾನಾಗಿ ಸಿದ್ಧವಾಗುತ್ತದೆ. ಅಳಿಸಿದ ಮೇಲ್ ಕೂಡ 'ಕಾಂಪ್ಯಾಕ್ಟ್' ಆಗುವವರೆಗೆ ಆ ದೊಡ್ಡ ಫೈಲ್‌ನಲ್ಲೇ ಉಳಿದಿರುತ್ತದೆ.

ಏನು ಮಾಡಬಾರದು?

ಸರ್ವರ್‌ನಲ್ಲಿ ಮೇಲ್ ಅಳಿಸಿಹೋಗಿ ಕಂಪ್ಯೂಟರ್‌ನಲ್ಲಷ್ಟೇ ಉಳಿದಿದ್ದರೆ, ಇಂಟರ್‌ನೆಟ್ ಕಡಿತಗೊಳಿಸದೆ ಪ್ರೋಗ್ರಾಂ ತೆರೆಯಬೇಡಿ. ಐಮ್ಯಾಪ್ ಖಾತೆ ಸರ್ವರ್ ಜೊತೆ ತಾಳೆ ನೋಡಿ ನಿಮ್ಮಲ್ಲಿರುವುದನ್ನೂ ಅಳಿಸಬಹುದು.

ಬಿಟ್ಟುಬಂದ ಕಂಪನಿಯ ಖಾತೆಯಂತೆ, ಸರ್ವರ್ ಕಡೆ ಮುಚ್ಚಿಹೋದ ಖಾತೆಯನ್ನು ಔಟ್‌ಲುಕ್‌ನಿಂದ ತೆಗೆದುಹಾಕಬೇಡಿ. ಓಎಸ್‌ಟಿ ಫೈಲ್ ಅನ್ನು ಬೇರೆ ಔಟ್‌ಲುಕ್‌ನಲ್ಲಿ ನೇರವಾಗಿ ತೆರೆಯಲಾಗದು.

ಮೊಬೈಲ್‌ನಲ್ಲಿ ಆ್ಯಪ್ ತೆಗೆದುಹಾಕಿದರೆ ಅದು ಫೋನ್‌ನಲ್ಲಿ ಇಟ್ಟುಕೊಂಡಿದ್ದ ಪ್ರತಿಗಳೂ ಹೋಗುತ್ತವೆ. ಕಳುಹಿಸಲಾಗದೆ ಔಟ್‌ಬಾಕ್ಸ್‌ನಲ್ಲಿ ಉಳಿದ ಮೇಲ್ ಇದೆಯೇ ಎಂದು ಮೊದಲೇ ನೋಡಿ.

"ಮೇಲ್ ವಾಪಸ್ ತರಿಸಿಕೊಡುತ್ತೇವೆ" ಎಂದು ಕರೆ ಮಾಡುವ ಅಪರಿಚಿತರಿಗೆ ಪಾಸ್‌ವರ್ಡ್, ಓಟಿಪಿ ಹೇಳಬೇಡಿ. ಅವರು ಹೇಳಿದ ಆ್ಯಪ್ ಹಾಕಿಕೊಂಡು ಸ್ಕ್ರೀನ್ ಅವರ ಕೈಗೆ ಕೊಡಬೇಡಿ. ಬ್ಯಾಂಕಿನ ಪಾಸ್‌ವರ್ಡ್ ಬದಲಿಸುವ ದಾರಿಯೂ ಅದೇ ಇಮೇಲ್ ಮೂಲಕ ಹಾದುಹೋಗಬಹುದು.

ಒಟ್ಟಿನಲ್ಲಿ

ಪ್ರೋಗ್ರಾಂ ಕೆಟ್ಟರೆ ಮೇಲ್ ಹೋದಂತಲ್ಲ. ಮೊದಲು ಹುಡುಕಿ, ನಂತರ ಕಾಪಿ ಮಾಡಿ, ಆಮೇಲೆ ದುರಸ್ತಿ. ಫಾರ್ಮ್ಯಾಟ್ ಮಾಡಿಸಲು ಹೊರಟವರಿದ್ದರೆ ಅದಕ್ಕೂ ಮುನ್ನ ಈ ಮಾಹಿತಿ ಅವರಿಗೆ ತಲುಪಿಸಿ.