ಬೆಟ್ಟದ ನೆರಳಿನಿಂದ ರಸಾಯನಶಾಲೆಗೆ

ಮಧುಗಿರಿಯ ಏಕಶಿಲಾ ಬೆಟ್ಟದ ನೆರಳಿನಲ್ಲಿಯೋ, ಶಿರಾ, ಕೊರಟಗೆರೆ, ಪಾವಗಡಗಳ ಬಯಲಿನಲ್ಲಿಯೋ ಬೆಳೆದ ವಿದ್ಯಾರ್ಥಿಗೆ ರಸಾಯನಶಾಸ್ತ್ರದ ಉಚ್ಚವ್ಯಾಸಂಗವೆಂಬುದು ಬಹುಕಾಲ ಊರು ಬಿಟ್ಟು ಕೈಗೊಳ್ಳಬೇಕಾದ ಯಾತ್ರೆಯೇ ಆಗಿದ್ದಿತು. 1858ರಲ್ಲಿ ಪ್ರೌಢಶಾಲೆಯಾಗಿ ಹುಟ್ಟಿ, ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜೆನಿಸಿದ ವಿದ್ಯಾಲಯವು ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗಳಿಗೆ ಅಧೀನವಾಗಿದ್ದು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದ ಮೇಲೆಯೇ ಅಲ್ಲಿಯ ಪದವಿಗಳು ನಮ್ಮ ನಾಡಿನ ಮುದ್ರೆಯನ್ನು ಧರಿಸಿದುವು.

ಈ ಸೀಮೆಗೆ ನೆರೆಯದಾದ ಬೆಳ್ಳಾವೆಯ ಹೆಸರನ್ನು ಹೊತ್ತ ವೆಂಕಟನಾರಣಪ್ಪನವರು ಆ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಲೇ, 1918ರ ಸುಮಾರಿನಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ‘ವಿಜ್ಞಾನ’ವೆಂಬ ಕನ್ನಡ ಪತ್ರಿಕೆಯನ್ನು ನಡೆಸಿದರು. ಶಾಸ್ತ್ರವನ್ನು ತಾಯ್ನುಡಿಯಲ್ಲಿ ಹೇಳಬಹುದೆಂಬ ಧೈರ್ಯವನ್ನಿತ್ತ ಆ ಉಪಕಾರವನ್ನು, ನನ್ನ ಮಟ್ಟಿಗೆ, ಯಾವ ಪದವಿಗಿಂತಲೂ ಹಿರಿದೆಂದೇ ಭಾವಿಸುತ್ತೇನೆ.

ಶಾಸ್ತ್ರದ ಮಾತನ್ನು ಪತ್ರಿಕೆಯಲ್ಲಿ ಓದಿ ತಿಳಿಯಬಹುದು; ಪ್ರಯೋಗಶಾಲೆಯ ವಿದ್ಯೆಯಾದರೋ ಕಣ್ಣಿನದು, ಕೈಯದು. ಬ್ಯೂರೆಟ್ಟಿನ ತಿರುಪನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಶಂಕುಪಾತ್ರೆಯನ್ನು ಮೆಲ್ಲನೆ ಅಲುಗಿಸುತ್ತಿರಲು, ಕ್ಷಾರದ ಒಂದೇ ಹನಿಯಿಂದ ಫಿನಾಲ್ಫ್ತಲೀನ್ ಬೆರೆತ ಆಮ್ಲವು ತೆಳುಗೆಂಪಿಗೆ ತಿರುಗಿ ಹಾಗೆಯೇ ನಿಲ್ಲುವುದು. ಮತ್ತೊಂದು ಹನಿ ಹೆಚ್ಚಿದರೆ ಬಣ್ಣವು ಗಾಢವಾಗುವುದು; ಆಗ ಮೊದಲಿನಿಂದ ಆರಂಭಿಸಬೇಕು.

1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯವೂ, 2004ರಲ್ಲಿ ತುಮಕೂರು ವಿಶ್ವವಿದ್ಯಾನಿಲಯವೂ ಉದಯಿಸಿ, ಈ ವಿದ್ಯೆಯನ್ನರಸಿ ಊರು ಬಿಡುವ ಆ ಯಾತ್ರೆಯ ದೂರವನ್ನು ತಗ್ಗಿಸಿದುವು. ಈಗ ಮಧುಗಿರಿಯ ಹುಡುಗಿಯೊಬ್ಬಳು ಬಿಳಿಯ ಕೋಟನ್ನು ಮಡಿಸಿ ಚೀಲದಲ್ಲಿಟ್ಟು, ಮುಂಜಾವಿನ ಬಸ್ಸನ್ನೇರಿ ತುಮಕೂರಿಗೆ ಹೋಗಿ, ಸಂಜೆಗೆ ಮನೆಯನ್ನು ಸೇರಬಹುದು.